ಹಳೆಯ ಯೆಜ್ಡಿಗೆ ಹೊಸ ಕಾರ್ಬುರೇಟರ್: ಬದಲಿಸುವ ಮುನ್ನ ತಿಳಿಯಬೇಕಾದದ್ದು

ನಿಮ್ಮ ಮನೆಯ ಪಡಸಾಲೆಯಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಹಳೆಯ ಜಾವಾ ಅಥವಾ ಯೆಜ್ಡಿ ನಿಂತಿದೆಯೇ? ಚನ್ನಗಿರಿಯ ಅಡಿಕೆ ತೋಟಗಳಿಗೂ, ಹೊನ್ನಾಳಿ, ನ್ಯಾಮತಿಯ ಗದ್ದೆ ಬಯಲಿಗೂ, ಜಗಳೂರಿನ ಮಳೆಯಾಶ್ರಿತ ಹೊಲಗಳಿಗೂ ಒಂದು ಕಾಲದಲ್ಲಿ ಇಂಥ ಬೈಕುಗಳೇ ಓಡಾಡುತ್ತಿದ್ದವು. ಹೊರದೇಶಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಹೊಸ ಕಾಲದ ಗಾಳಿ-ಇಂಧನ ವ್ಯವಸ್ಥೆಯನ್ನು ಜೋಡಿಸುವ ಹವ್ಯಾಸವಿದೆ. ನಮ್ಮಲ್ಲಿ ಅದೇ ಕೆಲಸ ಹೆಚ್ಚಾಗಿ ನಡೆಯುವುದು ಯೆಜ್ಡಿಯ ಮೇಲೆ. ಸರಿಯಾಗಿ ಮಾಡಿದರೆ ಗಾಡಿ ಇನ್ನೂ ಹಲವು ವರ್ಷ ಓಡುತ್ತದೆ. ತಪ್ಪಿದರೆ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡು, ಓಡುತ್ತಿರುವಾಗಲೇ ಹಿಂಚಕ್ರ ನಿಂತುಬಿಡಬಹುದು. ಆದ್ದರಿಂದ ವಿಷಯವನ್ನು ಬುಡದಿಂದ ನೋಡೋಣ.

ಮೈಸೂರಿನ ಗಾಡಿ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳ ತಯಾರಿಕೆ ಆರಂಭಿಸಿತು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಮಾದರಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಇಂದು ಉಳಿದಿರುವ ಅತ್ಯಂತ ಎಳೆಯ ಮೈಸೂರು ಯೆಜ್ಡಿಗೂ ಸುಮಾರು ಮೂವತ್ತು ವರ್ಷ.

ಇದರ ಎಂಜಿನ್ ಎರಡು ಹೊಡೆತದ್ದು, ಒಂದೇ ಸಿಲಿಂಡರಿನದು. 250 ಸಿಸಿ ವರ್ಗದ್ದು. ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್, ಪಿಸ್ಟನ್ ಚಲನೆ 75 ಮಿಲಿಮೀಟರ್. ನಾಲ್ಕು ಹೊಡೆತದ ಎಂಜಿನ್ನಿನಲ್ಲಿರುವಂತೆ ಇಲ್ಲಿ ಕವಾಟಗಳಿಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಸರಿಯುತ್ತ ರಂಧ್ರಗಳನ್ನು ತೆರೆದು ಮುಚ್ಚುತ್ತದೆ. ಕಾರ್ಬುರೇಟರಿನಿಂದ ಬರುವ ಗಾಳಿ ಮತ್ತು ಪೆಟ್ರೋಲ್ ಮೊದಲು ಕೆಳಗಿನ ಕ್ರ್ಯಾಂಕ್‌ಕೇಸಿಗೆ ಹೋಗಿ, ಆಮೇಲೆ ಸಿಲಿಂಡರಿಗೆ ಏರುತ್ತವೆ. ಬೇರಿಂಗುಗಳಿಗೂ ಪಿಸ್ಟನ್ನಿಗೂ ಬೇಕಾದ ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಬರುತ್ತದೆ. ಈ ಒಂದು ಮಾತನ್ನು ನೆನಪಿಡಿ. ಮುಂದಿನ ಎಲ್ಲ ಎಚ್ಚರಿಕೆಗಳೂ ಇದರಿಂದಲೇ ಹುಟ್ಟುತ್ತವೆ.

ಕಾರ್ಬುರೇಟರಿನ ಕೆಲಸ

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಕಾರ್ಬುರೇಟರಿನ ಕಂಠ ನಡುವೆ ಕಿರಿದಾಗಿರುತ್ತದೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆಗ ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಮೇಲೆದ್ದು ಹನಿಹನಿಯಾಗಿ ಗಾಳಿಯನ್ನು ಸೇರುತ್ತದೆ. ಪೆಟ್ರೋಲ್ ಹೆಚ್ಚಾದರೆ ಮಿಶ್ರಣ ದಟ್ಟವಾಗುತ್ತದೆ: ಹೊಗೆ, ಮಸಿ, ಇಂಧನ ನಷ್ಟ. ಕಡಿಮೆಯಾದರೆ ತೆಳುವಾಗುತ್ತದೆ: ಎಂಜಿನ್ ಅತಿಯಾಗಿ ಕಾಯುತ್ತದೆ. ಯೆಜ್ಡಿಯಲ್ಲಿ ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಯಿತೆಂದೇ ಅರ್ಥ. ಶಾಖ ಏರುತ್ತದೆ, ಜಾರುಗುಣ ಇಳಿಯುತ್ತದೆ. ದಟ್ಟ ಮಿಶ್ರಣ ಜೇಬಿಗೆ ಹೊರೆ, ತೆಳು ಮಿಶ್ರಣ ಜೀವಕ್ಕೆ ಅಪಾಯ.

ಹಳೆಯ ಬೈಕುಗಳಲ್ಲಿದ್ದ ಜಿಕೋವ್ ಕಾರ್ಬುರೇಟರಿನ ಒಳಗಿನ ಜಾರುಪಟ್ಟಿ ದಶಕಗಳ ಓಟದಲ್ಲಿ ಸವೆದು, ಪಕ್ಕದಿಂದ ಗಾಳಿ ನುಸುಳತೊಡಗುತ್ತದೆ. ಒಳ್ಳೆಯ ಬಿಡಿಭಾಗ ಸಿಗದಾಗ ಮೆಕ್ಯಾನಿಕ್‌ಗಳು ಜಪಾನಿನ ಮಿಕುನಿ ವಿನ್ಯಾಸದ, ಈಚಿನ ಕಾಲದ ಕಾರ್ಬುರೇಟರನ್ನು ಜೋಡಿಸುತ್ತಾರೆ. ಇದರ ಜೆಟ್‌ಗಳು ಹಲವು ಅಳತೆಗಳಲ್ಲಿ ಸಿಗುತ್ತವೆ ಎಂಬುದೇ ದೊಡ್ಡ ಅನುಕೂಲ.

ಮೊದಲು ರೋಗ ತಿಳಿಯಿರಿ

ಗಾಡಿ ಸರಿಯಾಗಿ ಓಡದಿದ್ದರೆ ತಪ್ಪು ಕಾರ್ಬುರೇಟರಿನದೇ ಎಂದು ತೀರ್ಮಾನಿಸಬೇಡಿ. ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲುಗಳು ಒಣಗಿದ್ದರೆ ಅಲ್ಲಿಂದಲೂ ಗಾಳಿ ಒಳನುಗ್ಗುತ್ತದೆ. ಸೈಲೆನ್ಸರಿನಲ್ಲಿ ಮಸಿ ಕಟ್ಟಿದ್ದರೆ ಎಂಜಿನ್ನಿಗೆ ಉಸಿರು ಬಿಡಲಾಗುವುದಿಲ್ಲ. ಕಾಂಟ್ಯಾಕ್ಟ್ ಪಾಯಿಂಟಿನ ಅಂತರ ತಪ್ಪಿದ್ದರೆ ಕಿಡಿಯೇ ಹೊತ್ತುಮೀರಿ ಬರುತ್ತದೆ. ಈ ಮೂರನ್ನೂ ಸರಿಪಡಿಸದೆ ಹೊಸ ಕಾರ್ಬುರೇಟರ್ ಹಾಕಿದರೆ ರೋಗ ಹಾಗೆಯೇ ಉಳಿದು ಖರ್ಚು ಮಾತ್ರ ಹೆಚ್ಚಾಗುತ್ತದೆ.

ದೊಡ್ಡದೆಲ್ಲ ಒಳ್ಳೆಯದಲ್ಲ

ಕಂಠದ ವ್ಯಾಸ 26 ಮಿಲಿಮೀಟರಿನಿಂದ 28ಕ್ಕೆ ಏರಿದರೆ ವ್ಯತ್ಯಾಸ ಎರಡೇ ಮಿಲಿಮೀಟರ್ ಎನಿಸುತ್ತದೆ. ಆದರೆ ಗಾಳಿ ಹಾಯುವ ವಿಸ್ತೀರ್ಣ ಶೇಕಡಾ 16ರಷ್ಟು ಹೆಚ್ಚುತ್ತದೆ. ಕಂಠ ಅಗಲವಾದಷ್ಟೂ ಕಡಿಮೆ ವೇಗದಲ್ಲಿ ಗಾಳಿಯ ಸೆಳೆತ ಕುಗ್ಗಿ, ಪೆಟ್ರೋಲ್ ಸರಿಯಾಗಿ ಮೇಲೇಳುವುದಿಲ್ಲ. ಹಿಂದೆ ಅಡಿಕೆ ಮೂಟೆ ಹೇರಿಕೊಂಡು ನಿಧಾನವಾಗಿ ಹೋಗುವ ಗಾಡಿಗೆ ಇದು ನಷ್ಟವೇ. ಮೂಲ ಅಳತೆಗೆ ಹತ್ತಿರದ್ದನ್ನೇ ಆರಿಸಿ.

ಜೋಡಣೆಯಲ್ಲಿ ಗಮನಿಸಿ

1. ಹೊಸ ಕಾರ್ಬುರೇಟರಿನ ಬೋಲ್ಟ್ ಅಂತರ ಹಳೆಯದಕ್ಕೆ ಹೊಂದದಿದ್ದರೆ ನಡುವೆ ಅಲ್ಯುಮಿನಿಯಂ ಅಡಾಪ್ಟರ್ ಬೇಕು. ಅದರ ಎರಡೂ ಮುಖ ಸಮತಟ್ಟಾಗಿರಲಿ. ಸಿಲಿಂಡರಿನ ಶಾಖ ತಡೆಯಲು ಶಾಖನಿರೋಧಕ ಫೈಬರ್ ತುಂಡನ್ನು ಇಡಿ.

2. ಸಿಲಿಂಡರಿನ ರಂಧ್ರವನ್ನು ಉಜ್ಜಿ ಅಗಲ ಮಾಡಬೇಡಿ. ಹಳೆಯ ಜಿಕೋವನ್ನು ಎಸೆಯಬೇಡಿ. ಯಾವಾಗ ಬೇಕಾದರೂ ಮೂಲ ಸ್ಥಿತಿಗೆ ಮರಳಬಹುದಾದ ಬದಲಾವಣೆಯೇ ಉತ್ತಮ ಬದಲಾವಣೆ.

3. ಹ್ಯಾಂಡಲನ್ನು ಎಡಬಲ ಪೂರ್ತಿ ತಿರುಗಿಸಿ ನೋಡಿ. ಆಕ್ಸಿಲರೇಟರ್ ಬಿಟ್ಟೊಡನೆ ಜಾರುಪಟ್ಟಿ ತಾನಾಗಿ ಕೆಳಗಿಳಿಯಬೇಕು. ಕೇಬಲ್ ಸಿಕ್ಕಿಕೊಳ್ಳುವ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

4. ಗಾಳಿ ಫಿಲ್ಟರಿನ ಪೆಟ್ಟಿಗೆಯನ್ನು ಕಿತ್ತುಹಾಕಬೇಡಿ. ಶಬ್ದ ಚೆನ್ನಾಗಿ ಬರುತ್ತದೆಂದು ತೆರೆದ ಫಿಲ್ಟರ್ ಹಾಕುವವರಿದ್ದಾರೆ. ಜಗಳೂರಿನ ಬೇಸಿಗೆಯ ದೂಳಿನಲ್ಲಿರುವ ಮರಳಿನ ಕಣ ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿ. ಎರಡು ಹೊಡೆತದ ಎಂಜಿನ್ನಿನಲ್ಲಿ ಅದು ಮೊದಲು ಕ್ರ್ಯಾಂಕಿನ ಬೇರಿಂಗನ್ನು ತಿಂದು, ಆಮೇಲೆ ಸಿಲಿಂಡರನ್ನು ಗೀರುತ್ತದೆ.

ಜೆಟ್ ಹೊಂದಿಸುವ ಬಗೆ

ಇನ್ನೊಬ್ಬರ ಗಾಡಿಯ ಜೆಟ್ ಸಂಖ್ಯೆಯನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ಯಾವಾಗಲೂ ದೊಡ್ಡ ಜೆಟ್‌ನಿಂದ ಆರಂಭಿಸಿ ಒಂದೊಂದೇ ಹೆಜ್ಜೆ ಕೆಳಗಿಳಿಯಿರಿ. ಪ್ರತಿ ಸಲವೂ ಜನಸಂಚಾರವಿಲ್ಲದ ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ, ಓಡುತ್ತಿರುವಾಗಲೇ ಕ್ಲಚ್ ಹಿಡಿದು, ಎಂಜಿನ್ ಆರಿಸಿ ನಿಲ್ಲಿಸಿ. ಪ್ಲಗ್ ಆರಿದ ಮೇಲೆ ಬಿಚ್ಚಿ ನೋಡಿ. ತುದಿ ಕಾಫಿಪುಡಿಯ ಕಂದು ಬಣ್ಣಕ್ಕಿದ್ದರೆ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ದಟ್ಟ. ಸುಣ್ಣದಂತೆ ಬೆಳ್ಳಗಿದ್ದರೆ ತೆಳು. ಮುಂದೆ ಓಡಿಸದೆ ಕೂಡಲೇ ದೊಡ್ಡ ಜೆಟ್ ಹಾಕಿ.

ಹವೆಯ ಪಾಲೂ ಇದರಲ್ಲಿದೆ. 38 ಡಿಗ್ರಿಯ ಮಧ್ಯಾಹ್ನದ ಗಾಳಿಗಿಂತ 15 ಡಿಗ್ರಿಯ ಮುಂಜಾವಿನ ಗಾಳಿ ಸುಮಾರು ಶೇಕಡಾ 8ರಷ್ಟು ಸಾಂದ್ರವಾಗಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅಂಚಿಗೆ ತಂದು ಹೊಂದಿಸಿದ ಜೆಟ್ ಡಿಸೆಂಬರಿನ ಚಳಿಯಲ್ಲಿ ತೆಳುವಾಗುತ್ತದೆ. ಆದ್ದರಿಂದ ತಂಪು ಹೊತ್ತಿನಲ್ಲೇ ಕೊನೆಯ ಪರೀಕ್ಷೆ ಮಾಡಿ.

ಇಂದಿನ ಪೆಟ್ರೋಲ್ ಬೇರೆ

ಇಂದು ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಉರಿಯಲು ತನ್ನ ತೂಕದ 9 ಪಟ್ಟು ಗಾಳಿ ಸಾಕು. ಹಾಗಾಗಿ ಶೇಕಡಾ 20ರ ಮಿಶ್ರಣಕ್ಕೆ ಬೇಕಾಗುವ ಪ್ರಮಾಣ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಇದರರ್ಥ, ಹಳೆಯ ಜೆಟ್ ಹಾಗೆಯೇ ಇದ್ದರೆ ನಿಮ್ಮ ಗಾಡಿ ಮೊದಲಿಗಿಂತ ಶೇಕಡಾ 7ರಿಂದ 8ರಷ್ಟು ತೆಳುವಾಗಿ ಓಡುತ್ತಿದೆ. ಕಾರ್ಬುರೇಟರ್ ಬದಲಿಸದವರೂ ಒಮ್ಮೆ ಪ್ಲಗ್ಗಿನ ಬಣ್ಣ ನೋಡುವುದು ಒಳ್ಳೆಯದು.

ಎಥನಾಲ್ ನೀರನ್ನು ಹೀರುತ್ತದೆ. ಹಳೆಯ ಕಾಲದ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಕಾರ್ಬುರೇಟರ್ ಬಟ್ಟಲನ್ನು ಬರಿದು ಮಾಡಿಡಿ. ಎಥನಾಲ್ ತಾಳುವ ಹೊಸ ಕೊಳವೆ ಹಾಕಿಸಿ.

ಎಣ್ಣೆಯ ಲೆಕ್ಕವನ್ನು ಕೈಯಳತೆಗೆ ಬಿಡಬೇಡಿ. ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಎಂದರೆ ಇಪ್ಪತ್ತೈದಕ್ಕೆ ಒಂದು ಪಾಲು. ಕೈಪಿಡಿ ಹೇಳಿದ ಪ್ರಮಾಣವನ್ನು ಅಳತೆಯ ಲೋಟದಲ್ಲೇ ಹಾಕಿ.

ಇಂಜೆಕ್ಷನ್ ಜೋಡಿಸಬಹುದೇ?

ಈ ಪ್ರಶ್ನೆಯನ್ನು ಯುವಕರು ಕೇಳುತ್ತಾರೆ. 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಮತ್ತೆ ಬಂದ ಬೈಕುಗಳದ್ದು ನಾಲ್ಕು ಹೊಡೆತದ, ದ್ರವದಿಂದ ತಂಪಾಗುವ, ಫ್ಯೂಯೆಲ್ ಇಂಜೆಕ್ಷನ್ ಎಂಜಿನ್. ಹೆಸರು ಒಂದೇ, ಜಾತಿ ಬೇರೆ. ಇಂಜೆಕ್ಷನ್ನಿಗೆ ಒತ್ತಡದ ಪಂಪು, ಸೆನ್ಸರುಗಳು, ಒಂದು ಪುಟ್ಟ ಕಂಪ್ಯೂಟರ್, ಸ್ಥಿರವಾದ 12 ವೋಲ್ಟ್ ವಿದ್ಯುತ್ತು ಬೇಕು. ಹಳೆಯ ಜಾವಾದ 6 ವೋಲ್ಟ್ ಡೈನಮೊ ಇದನ್ನು ಹೊರಲಾರದು. ಎಲ್ಲವನ್ನೂ ಬದಲಿಸಿ ಜೋಡಿಸುವುದು ಅಸಾಧ್ಯವಲ್ಲ, ಆದರೆ ಕೆಟ್ಟು ನಿಂತರೆ ನಮ್ಮ ತಾಲ್ಲೂಕುಗಳ ರಸ್ತೆ ಬದಿಯಲ್ಲಿ ಸ್ಪ್ಯಾನರ್ ಹಿಡಿದು ರಿಪೇರಿ ಮಾಡಲಾಗುವುದಿಲ್ಲ. ದಿನಬಳಕೆಗೆ ಕಾರ್ಬುರೇಟರೇ ತಕ್ಕದ್ದು.

ಕಾಗದಪತ್ರ

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನು ಎತ್ತಿಹಿಡಿಯಿತು. ಎಂಜಿನ್ ಬದಲಿಸುವುದಿದ್ದರೆ ನೋಂದಣಿ ಪ್ರಾಧಿಕಾರದ ಅನುಮತಿಯನ್ನು ಮೊದಲೇ ಪಡೆಯಬೇಕು. ಕಾರ್ಬುರೇಟರ್ ಬದಲಿಸಿದ ಮೇಲೂ ಹೊಗೆ ತಪಾಸಣೆಯ ಪ್ರಮಾಣಪತ್ರ ಬೇಕೇ ಬೇಕು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಚನ್ನಗಿರಿ, ಹೊನ್ನಾಳಿ ಕಡೆಯವು ಶಿವಮೊಗ್ಗದಲ್ಲೂ, ಜಗಳೂರಿನವು ಚಿತ್ರದುರ್ಗದಲ್ಲೂ ನೋಂದಣಿಯಾದವು. ಹದಿನೈದು ವರ್ಷ ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಕಾರ್ಬುರೇಟರಿಗೆ ಹಣ ಹಾಕುವ ಮೊದಲು ಆ ಹಳೆಯ ಪತ್ರ ಚಾಲ್ತಿಯಲ್ಲಿದೆಯೇ, ಯಾರ ಹೆಸರಿನಲ್ಲಿದೆ ಎಂದು ನೋಡಿ.

ಕೊನೆಯ ಮಾತು

ಹೊಸ ಜೋಡಣೆಯ ಮೊದಲ ಕೆಲವು ದಿನ ಎಡಗೈ ಬೆರಳುಗಳು ಕ್ಲಚ್ಚಿನ ಮೇಲೇ ಇರಲಿ. ಎಂಜಿನ್ನಿನಿಂದ ಟಿಣಿಟಿಣಿ ಸದ್ದು ಬಂದರೆ, ಯಾರೋ ಹಿಂದಿನಿಂದ ಹಿಡಿದೆಳೆದಂತೆ ಗಾಡಿ ಬಿಗಿಯಾದರೆ, ಅದು ಪಿಸ್ಟನ್ ಹಿಡಿದುಕೊಳ್ಳುವ ಮುನ್ಸೂಚನೆ. ತಕ್ಷಣ ಕ್ಲಚ್ ಹಿಡಿದು ಪಕ್ಕಕ್ಕೆ ಸರಿಯಿರಿ. ಪೂರ್ತಿ ಆರುವವರೆಗೆ ಕಿಕ್ ಹೊಡೆಯಬೇಡಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಬಹು ದೂರ ಇಳಿಯಬೇಡಿ. ಆ ಹೊತ್ತಿನಲ್ಲಿ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ.

ಅಪ್ಪನೋ ಅಜ್ಜನೋ ಜತನದಿಂದ ಉಳಿಸಿದ ಗಾಡಿಯನ್ನು ವೇಗಕ್ಕಾಗಿ ಬದಲಿಸುವುದು ಬೇಡ. ಅದು ಸರಾಗವಾಗಿ ಉಸಿರಾಡಲಿ ಎಂದು ಬದಲಿಸಿ. ಒಂದು ಪ್ಲಗ್ ಸ್ಪ್ಯಾನರ್, ನಾಲ್ಕು ಜೆಟ್, ಒಂದಿಷ್ಟು ತಾಳ್ಮೆ ಕೈಯಲ್ಲಿದ್ದರೆ ಈ ಕೆಲಸ ನಿಮ್ಮ ಊರಿನಲ್ಲೇ ಆಗುತ್ತದೆ.