ವೈದ್ಯಮಂಡಳಿ ಬರೆಯದೆ ಬಿಟ್ಟ ಕಾರಣ

ಕಾಯಿಲೆ ಅಥವಾ ಗಾಯದಿಂದಾಗಿ ಅವಧಿಗೆ ಮುನ್ನವೇ ಸೇನೆಯಿಂದ ಹೊರಬೀಳುವುದನ್ನು ಯೋಧರು 'ಬೋರ್ಡ್ ಔಟ್' ಎನ್ನುತ್ತಾರೆ. ಇಲ್ಲಿ ಬೋರ್ಡ್ ಎಂದರೆ ಮೆಡಿಕಲ್ ಬೋರ್ಡ್, ಮಿಲಿಟರಿ ಆಸ್ಪತ್ರೆಯ ವೈದ್ಯರ ಮಂಡಳಿ. ಅದರ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ವೈಕಲ್ಯ ಶೇಕಡಾ ಎಷ್ಟು? ಅದು ಸೇವೆಯ ಕಾರಣದಿಂದ ಬಂದದ್ದೇ, ಇಲ್ಲವೇ ಸೇವೆಯಿಂದ ಉಲ್ಬಣಿಸಿದ್ದೇ? ವೈಕಲ್ಯ ಶೇ 20 ಅಥವಾ ಅದಕ್ಕೂ ಹೆಚ್ಚಿದ್ದು, ಎರಡನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಅಂಗವೈಕಲ್ಯ ಪಿಂಚಣಿ ಸಿಗುತ್ತದೆ. ಸೇವೆಯಿಂದ ಬಂದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ ಎಂದು ಬರೆದರೆ ಸಿಗುವುದಿಲ್ಲ. ಕಡತಗಳಲ್ಲಿ ಇದನ್ನು 'ಎನ್ಎಎನ್ಎ' (ನೈದರ್ ಆಟ್ರಿಬ್ಯೂಟಬಲ್ ನಾರ್ ಅಗ್ರವೇಟೆಡ್) ಎಂದು ಚುಟುಕಾಗಿ ಗುರುತಿಸುತ್ತಾರೆ. ಮುಂದಿನ ವ್ಯಾಜ್ಯಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ನಾಲ್ಕು ಅಕ್ಷರಗಳಿಂದಲೇ.

ಹಣದ ಲೆಕ್ಕ ಹೀಗಿದೆ. ಪೂರ್ಣ ವೈಕಲ್ಯಕ್ಕೆ ಕೊನೆಯ ವೇತನದ ಶೇ 30ರಷ್ಟು ವೈಕಲ್ಯಾಂಶ ಸಿಗುತ್ತದೆ. ವೈಕಲ್ಯ ಕಡಿಮೆಯಾದಂತೆ ಮೊತ್ತವೂ ಇಳಿಯುತ್ತದೆ. 40,000 ರೂಪಾಯಿ ವೇತನವಿದ್ದ ಯೋಧನ ವೈಕಲ್ಯ ಶೇ 20 ಆಗಿದ್ದರೆ ತಿಂಗಳಿಗೆ 2,400 ರೂಪಾಯಿ. ಆದರೆ ಐದನೇ ವೇತನ ಆಯೋಗದ ಶಿಫಾರಸಿನಿಂದ 1996ರ ಜನವರಿಯಿಂದ 'ಬ್ರಾಡ್ ಬ್ಯಾಂಡಿಂಗ್' ಬಂತು. ಶೇ 50ಕ್ಕಿಂತ ಕಡಿಮೆಯಿದ್ದರೆ 50 ಎಂದೂ, 50ರಿಂದ 75ರವರೆಗೆ 75 ಎಂದೂ, ಅದಕ್ಕೂ ಮೇಲಿದ್ದರೆ 100 ಎಂದೂ ಎಣಿಸಬೇಕು. ಆಗ ಅದೇ ಯೋಧನಿಗೆ 6,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಬೋರ್ಡ್ ಔಟ್ ಆದವರಿಗೆ ಮಾತ್ರ ಈ ಲಾಭ, ವೈಕಲ್ಯದೊಂದಿಗೇ ಅವಧಿ ಮುಗಿಸಿ ನಿವೃತ್ತರಾದವರಿಗೆ ಇಲ್ಲ ಎಂದು ಸರ್ಕಾರ ವಾದಿಸಿತು. 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ನೂರಾರು ಮೇಲ್ಮನವಿಗಳನ್ನು ಒಟ್ಟಿಗೆ ತಳ್ಳಿಹಾಕಿತು.

ಅರ್ಜಿ ತಿರಸ್ಕೃತವಾದರೆ ಮೊದಲ ಮೆಟ್ಟಿಲು ಇಲಾಖೆಯೊಳಗೇ ಇದೆ. ತಿರಸ್ಕಾರದ ಪತ್ರ ರೆಕಾರ್ಡ್ ಆಫೀಸಿನಿಂದ ಬರುತ್ತದೆ: ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರಿನಿಂದ, ಮರಾಠಾ ಲಘು ಪದಾತಿದಳದವರಿಗೆ ಬೆಳಗಾವಿಯಿಂದ. ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಸಮಿತಿಗೆ ಬರೆಯಬೇಕು. ಅಲ್ಲೂ ಸೋತರೆ ಎರಡನೆಯ ಮೇಲ್ಮನವಿ ಸಮಿತಿ. ಇವೆರಡೂ ಕಾಗದದ ಮೇಲೆಯೇ ನಡೆಯುವ ವಿಚಾರಣೆಗಳು. ವೈದ್ಯಮಂಡಳಿಯ ಹಾಳೆಯನ್ನೇ ಮತ್ತೆ ಓದಿ, ಅದರ ವಾಕ್ಯವನ್ನೇ ಹೊಸ ಪತ್ರಕ್ಕೆ ಇಳಿಸಿ ಕಳಿಸಿದ ಉತ್ತರಗಳು ನ್ಯಾಯಾಲಯದ ದಾಖಲೆಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಮೇಲ್ಮನವಿಯ ಉದ್ದೇಶವೇ ಇಲ್ಲಿ ಸೋಲುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ನಂತರದ ಬಾಗಿಲು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ರೂಪುಗೊಂಡು 2009ರ ಆಗಸ್ಟ್‌ನಲ್ಲಿ ಕೆಲಸ ಶುರುಮಾಡಿತು. ಪೀಠದಲ್ಲಿ ಒಬ್ಬ ನ್ಯಾಯಾಂಗ ಸದಸ್ಯರು, ಅವರ ಪಕ್ಕದಲ್ಲಿ ಸೇನೆಯ ಹಿರಿಯ ಹುದ್ದೆಯಿಂದ ನಿವೃತ್ತರಾದ ಆಡಳಿತ ಸದಸ್ಯರು. ಪ್ರಧಾನ ಪೀಠ ದೆಹಲಿಯಲ್ಲಿದೆ. ಚೆನ್ನೈ, ಕೊಚ್ಚಿ, ಮುಂಬೈ, ಚಂಡೀಗಢ ಮೊದಲಾದ ಕಡೆ ಪ್ರಾದೇಶಿಕ ಪೀಠಗಳಿವೆ. ಆ ಪಟ್ಟಿಯಲ್ಲಿ ಬೆಂಗಳೂರು ಇಲ್ಲ. ಮನೆಮನೆಯಿಂದ ಸೈನಿಕರನ್ನು ಕೊಟ್ಟ ಕೊಡಗು ಇರುವ ನಾಡಿಗೆ ತನ್ನದೇ ಪೀಠವಿಲ್ಲದಿರುವುದು ದೊಡ್ಡ ಕೊರತೆ.

ನ್ಯಾಯಮಂಡಳಿ ಏನನ್ನು ನೋಡುತ್ತದೆ ಎಂಬುದಕ್ಕೆ ದಾರಿ ಹಾಕಿದ್ದು 2013ರ ಧರಮ್‌ವೀರ್ ಸಿಂಗ್ ತೀರ್ಪು. 1985ರಲ್ಲಿ ಸಿಗ್ನಲ್ಸ್ ದಳ ಸೇರಿದ ಯೋಧರೊಬ್ಬರಿಗೆ ಸೇವೆಯಲ್ಲಿರುವಾಗ ಅಪಸ್ಮಾರ ಕಾಣಿಸಿಕೊಂಡಿತು. 1994ರಲ್ಲಿ ಶೇ 20 ವೈಕಲ್ಯದೊಂದಿಗೆ ಬೋರ್ಡ್ ಔಟ್ ಆದರು. ಇದು ದೇಹಪ್ರಕೃತಿಯ ದೋಷ, ಸೇವೆಗೆ ಸಂಬಂಧವಿಲ್ಲ ಎಂದು ಮಂಡಳಿ ಬರೆಯಿತು. ಹೈಕೋರ್ಟಿನ ಏಕಸದಸ್ಯ ಪೀಠ ಯೋಧರ ಪರ ನಿಂತಿತು, ವಿಭಾಗೀಯ ಪೀಠ ಅದನ್ನು ರದ್ದುಮಾಡಿತು. ಸುಪ್ರೀಂ ಕೋರ್ಟ್ 1982ರ ಅರ್ಹತಾ ನಿಯಮಗಳನ್ನು ಬಿಡಿಸಿ ನೋಡಿತು. ಭರ್ತಿಯ ವೇಳೆ ಸೇನೆಯ ವೈದ್ಯರೇ ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ ಆರೋಗ್ಯವಂತ ಎಂದು ಒಪ್ಪಿ ಸೇರಿಸಿಕೊಂಡಿರುತ್ತಾರೆ. ಆಗ ಯಾವ ಕಾಯಿಲೆಯನ್ನೂ ದಾಖಲಿಸದಿದ್ದರೆ, ಆಮೇಲೆ ಆರೋಗ್ಯ ಕೆಟ್ಟದ್ದು ಸೇವೆಯಿಂದಲೇ ಎಂದು ಮೊದಲು ಭಾವಿಸಬೇಕು. ಹಾಗಲ್ಲ ಎಂದು ತೋರಿಸುವ ಹೊಣೆ ಇಲಾಖೆಯದು. ಸಂಶಯವಿದ್ದರೆ ಅದರ ಲಾಭ ಯೋಧನಿಗೆ. ಭರ್ತಿಯ ಪರೀಕ್ಷೆಯಲ್ಲಿ ಆ ಕಾಯಿಲೆ ಪತ್ತೆಯಾಗುವುದು ಸಾಧ್ಯವೇ ಇರಲಿಲ್ಲ ಎಂದು ಮಂಡಳಿ ಹೇಳಬಹುದು, ಆದರೆ ಕಾರಣ ಬರೆದು ಹೇಳಬೇಕು. ಈ ಪ್ರಕರಣದಲ್ಲಿ ಮಂಡಳಿ ಕಾರಣವನ್ನೇ ಬರೆದಿರಲಿಲ್ಲ. ಯೋಧರು ಗೆದ್ದರು.

ಇದು ಬರಿಯ ತಾಂತ್ರಿಕ ದೋಷದ ಮೇಲಿನ ಗೆಲುವು ಎಂದು ಯಾರಾದರೂ ಭಾವಿಸಿದರೆ ನಾನು ಒಪ್ಪಲಾರೆ. ಇಪ್ಪತ್ತರ ಹುಡುಗನ ದೇಹ ಹಿಮದಲ್ಲಿ, ಮರಳುಗಾಡಿನಲ್ಲಿ, ನಿದ್ದೆಗೆಟ್ಟ ಕಾವಲಿನಲ್ಲಿ ಏನೇನನ್ನು ಹೊತ್ತಿತು ಎಂಬುದಕ್ಕೆ ಅವನ ಬಳಿ ದಾಖಲೆ ಇರುವುದಿಲ್ಲ. ಎಲ್ಲ ದಾಖಲೆಯೂ ಇರುವುದು ಸೇನೆಯ ಬಳಿ. ದಾಖಲೆ ಇದ್ದವರೇ ಕಾರಣ ಹೇಳಬೇಕೆನ್ನುವುದು ಸರಳ ನ್ಯಾಯ. 2025ರಲ್ಲಿಯೂ ಸುಪ್ರೀಂ ಕೋರ್ಟ್ ಇದೇ ಮಾತನ್ನು ಮತ್ತೆ ಹೇಳಬೇಕಾಯಿತು. ಇಂಥ ವ್ಯಾಜ್ಯಗಳನ್ನು ತಗ್ಗಿಸುವ ದಾರಿ ಹುಡುಕಲು ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ನೇಮಿಸಿದ್ದ ತಜ್ಞರ ಸಮಿತಿ 2015ರಲ್ಲೇ ವರದಿ ಕೊಟ್ಟಿತ್ತು.

ಹಾಗೆಂದು ಪ್ರತಿ ಗಾಯಕ್ಕೂ ಪಿಂಚಣಿ ಸಿಗುವುದಿಲ್ಲ. ವಾರ್ಷಿಕ ರಜೆಯಲ್ಲಿ ಸಹೋದರಿಯ ಮನೆಗೆ ಹೋಗಿದ್ದಾಗ ಮೆಟ್ಟಿಲಿನಿಂದ ಬಿದ್ದು ಗಾಯಗೊಂಡ ಯೋಧರೊಬ್ಬರ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಒಪ್ಪಲಿಲ್ಲ. ರಜೆಯಲ್ಲಿದ್ದರೂ ಸೇವೆಯಲ್ಲಿದ್ದಂತೆ ಎಂಬುದು ನಿಜ. ಆದರೆ ಗಾಯಕ್ಕೂ ಸೈನಿಕ ಕರ್ತವ್ಯಕ್ಕೂ ನಂಟು ಬೇಕು ಎಂದಿತು. ರಜೆಗೆಂದು ಊರಿಗೆ ಬರುವ, ಮುಗಿಸಿ ಯೂನಿಟ್ಟಿಗೆ ಮರಳುವ ಪ್ರಯಾಣವನ್ನು ಮಾತ್ರ ನಿಯಮಗಳು ಕರ್ತವ್ಯವೆಂದೇ ಎಣಿಸುತ್ತವೆ.

ಯಾವ ವರ್ಷ ಸೇವೆ ಬಿಟ್ಟಿರಿ ಎಂಬುದೂ ಮುಖ್ಯ, ಏಕೆಂದರೆ ನಿಯಮಗಳು ಬದಲಾಗಿವೆ. 2008ರಲ್ಲಿ ಹೊಸವು ಬಂದವು, 2023ರ ಸೆಪ್ಟೆಂಬರ್ 21ರಿಂದ ಇನ್ನೂ ಹೊಸವು. 2008ರ ನಿಯಮಗಳ ಪ್ರಕಾರ, ಸೇವೆ ಬಿಟ್ಟು 15 ವರ್ಷಗಳಾದ ಮೇಲೆ ಬೇಡಿಕೆ ಸಲ್ಲಿಸಿದರೆ ಸಾಬೀತಿನ ಹೊಣೆ ಯೋಧನ ಹೆಗಲಿಗೇ ಬರುತ್ತದೆ.

ನ್ಯಾಯಮಂಡಳಿಯಲ್ಲೂ ಸೋತರೆ? ಸಾರ್ವಜನಿಕ ಮಹತ್ವದ ಕಾನೂನು ಪ್ರಶ್ನೆಯಿದ್ದರೆ ಅನುಮತಿ ಪಡೆದು ಸುಪ್ರೀಂ ಕೋರ್ಟಿಗೆ ಹೋಗಬಹುದು. ಹೈಕೋರ್ಟಿನ ಬಾಗಿಲನ್ನು 2015ರ ತೀರ್ಪೊಂದು ಹೆಚ್ಚುಕಡಿಮೆ ಮುಚ್ಚಿತ್ತು. 2023ರ ಮಾರ್ಚ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮತ್ತೆ ತೆರೆಯಿತು. ಹಳ್ಳಿಯ ಮಾಜಿ ಯೋಧರಿಗೆ ಇದು ಬಹುದೊಡ್ಡ ಅನುಕೂಲ.

ತಡವಾಯಿತೆಂದು ಕೈಚೆಲ್ಲಬೇಕಾಗಿಲ್ಲ. ಪಿಂಚಣಿ ಪ್ರತಿ ತಿಂಗಳೂ ಬರಬೇಕಾದ ಹಣವಾದ್ದರಿಂದ ವಿಳಂಬವೊಂದೇ ಹಕ್ಕನ್ನು ಅಳಿಸುವುದಿಲ್ಲ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಗಳದ್ದು ಮಾತ್ರ. ಅದಕ್ಕೂ ಹಳೆಯದು ಹೋದಂತೆಯೇ. ಆದ್ದರಿಂದ ಮೊದಲು ವೈದ್ಯಮಂಡಳಿಯ ನಡಾವಳಿಯ ಪ್ರತಿ ತರಿಸಿಕೊಳ್ಳಿ. ರೆಕಾರ್ಡ್ ಆಫೀಸು ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿ ಬರೆಯಲು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ನೆರವು ಪಡೆಯಿರಿ. ಪ್ರತಿ ಕೈಗೆ ಬಂದಾಗ, ಕಾಯಿಲೆ ಸೇವೆಗೆ ಸಂಬಂಧಿಸಿದ್ದಲ್ಲ ಎಂದು ಬರೆದ ಜಾಗದ ಮುಂದೆ ಕಾರಣ ಕೊಟ್ಟಿದ್ದಾರೆಯೇ ನೋಡಿ. ಮೇಲ್ಮನವಿಯನ್ನು ಅಲ್ಲಿಂದ ಬರೆಯತೊಡಗಿ.