ಗಲ್ಲಾಪೆಟ್ಟಿಗೆಯವರೆಗೆ ಬಂದ ದತ್ತಾಂಶ ಕಾಯ್ದೆ

ಬಿಲ್ಲು ಸಿದ್ಧಪಡಿಸುವ ಮುನ್ನ ಗ್ರಾಹಕರ ಮೊಬೈಲ್ ಸಂಖ್ಯೆಯನ್ನು ಕೇಳಿ ಗಣಕಯಂತ್ರಕ್ಕೆ ತುಂಬುವುದು ಬಟ್ಟೆಯ ಅಂಗಡಿಯಿಂದ ಔಷಧ ಮಳಿಗೆಯವರೆಗೆ ಇಂದು ರೂಢಿಯಾಗಿದೆ. ಸಂಖ್ಯೆಗಾಗಿ ಗ್ರಾಹಕರನ್ನು ಒತ್ತಾಯಿಸಕೂಡದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಮೇ ತಿಂಗಳಿನಲ್ಲಿ ಚಿಲ್ಲರೆ ವರ್ತಕರಿಗೆ ಸಲಹೆ ನೀಡಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಈ ವಿಷಯವನ್ನು ಸಲಹೆಯ ಮಟ್ಟದಿಂದ ದಂಡದ ಮಟ್ಟಕ್ಕೆ ಏರಿಸಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡವು. ವರ್ತಕರಿಗೆ ಸಂಬಂಧಿಸಿದ ಮುಖ್ಯ ಹೊಣೆಗಳು ಪ್ರಕಟಣೆಯ 18 ತಿಂಗಳ ಬಳಿಕ ಜಾರಿಗೆ ಬರತಕ್ಕವು.

ಕಾಯ್ದೆಯ ಬೇರು ಸರ್ವೋಚ್ಚ ನ್ಯಾಯಾಲಯದ 2017ರ ತೀರ್ಪಿನಲ್ಲಿದೆ. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಸಾರಿದ ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ದಿವಂಗತ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಕಾಯ್ದೆಯ ಪಠ್ಯದಲ್ಲಿಯೇ ಔಷಧದಂಗಡಿಯ ಉದಾಹರಣೆಯೊಂದಿದೆ. ಹಣ ಸಂದಾಯವಾದ ರಸೀದಿಯನ್ನು ಮೊಬೈಲಿಗೆ ಕಳುಹಿಸಿರೆಂದು ಗ್ರಾಹಕನು ತಾನಾಗಿಯೇ ಸಂಖ್ಯೆ ಕೊಟ್ಟರೆ, ಅಷ್ಟರ ಮಟ್ಟಿಗೆ ಅಂಗಡಿಯವನು ಅದನ್ನು ಬಳಸಬಹುದು. ಪ್ರತ್ಯೇಕ ಒಪ್ಪಿಗೆಯ ಅಗತ್ಯವಿಲ್ಲ. ಆದರೆ ಅದೇ ಸಂಖ್ಯೆಗೆ ದೀಪಾವಳಿ ರಿಯಾಯಿತಿಯ ಸಂದೇಶ ಕಳುಹಿಸುವುದು ಬೇರೆಯದೇ ಉದ್ದೇಶ. ಅದಕ್ಕೆ ಸ್ಪಷ್ಟ ಒಪ್ಪಿಗೆ ಬೇಕು. ಒಪ್ಪಿಗೆಯ ಕೋರಿಕೆಯನ್ನು ಗ್ರಾಹಕನು ಬಯಸಿದರೆ ಕನ್ನಡದಲ್ಲಿ ಓದಲು ಅವಕಾಶವಿರಬೇಕು. ಸಂದೇಶ ರವಾನಿಸುವ ಏಜೆನ್ಸಿಯ ಕೈಯಿಂದ ಪಟ್ಟಿ ಸೋರಿದರೂ ಕಾಯ್ದೆಯ ದೃಷ್ಟಿಯಲ್ಲಿ ಹೊಣೆಗಾರನು ವರ್ತಕನೇ. ಸೋರಿಕೆಯಾದಾಗ ಬಾಧಿತರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡವಿಲ್ಲದೆ ತಿಳಿಸಿ, 72 ಗಂಟೆಗಳೊಳಗೆ ಮಂಡಳಿಗೆ ಪೂರ್ಣ ವಿವರ ಸಲ್ಲಿಸಬೇಕು. ಕಾಗದದ ಖಾತೆ ಪುಸ್ತಕಕ್ಕೆ ಮಾತ್ರ ಇದಾವುದೂ ಅನ್ವಯಿಸದು, ಅದನ್ನು ಗಣಕಕ್ಕೆ ಏರಿಸುವವರೆಗೆ!

ಉದ್ದೇಶ ಮುಗಿದ ಮೇಲೆ ವಿವರಗಳನ್ನು ಅಳಿಸಬೇಕೆಂಬ ವಿಧಿಯು ಹಲವರಲ್ಲಿ ಗೊಂದಲ ಹುಟ್ಟಿಸಿದೆ. ಜಿ.ಎಸ್.ಟಿ. ಕಾನೂನಿನಂತೆ ವಾರ್ಷಿಕ ವಿವರಣಾಪತ್ರದ ಕಡೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಲೇಬೇಕಷ್ಟೆ. ಇತರ ಕಾನೂನು ಬೇಡುವ ದಾಖಲೆಗಳಿಗೆ ಅಳಿಸುವ ವಿಧಿ ಅಡ್ಡಬರುವುದಿಲ್ಲ.

ಸುರಕ್ಷತಾ ಲೋಪಕ್ಕೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಪೀಣ್ಯದ ಸಣ್ಣ ಕಾರ್ಖಾನೆಗೂ ಬಹುರಾಷ್ಟ್ರೀಯ ಕಂಪನಿಗೂ ಮಿತಿ ಒಂದೇ. ದಂಡವು ತೆರುವವನ ಮೇಲೆ ಬೀರುವ ಪರಿಣಾಮವನ್ನೂ ಮಂಡಳಿ ಪರಿಗಣಿಸಬೇಕೆಂದು ಕಾಯ್ದೆ ಹೇಳುತ್ತದೆ, ನಿಜ. ಆದರೆ ಆ ವಿವೇಚನೆಯನ್ನೇ ನೆಚ್ಚಿ ಕೂರುವುದು ವ್ಯಾಪಾರಸ್ಥನಿಗೆ ತರವಲ್ಲ.

ದತ್ತಾಂಶದ ಪ್ರಮಾಣ ಮತ್ತು ಸ್ವರೂಪವನ್ನು ನೋಡಿ, ನವೋದ್ಯಮಗಳೂ ಸೇರಿದಂತೆ ಕೆಲವು ವರ್ಗಗಳಿಗೆ ಸೂಚನಾಪತ್ರ ನೀಡುವುದೇ ಮೊದಲಾದ ಹೊಣೆಗಳಿಂದ ವಿನಾಯಿತಿ ಕೊಡುವ ಅಧಿಕಾರವನ್ನು 17ನೆಯ ಪ್ರಕರಣವು ಕೇಂದ್ರ ಸರ್ಕಾರಕ್ಕೆ ನೀಡಿದೆ. ಸಣ್ಣ ವರ್ತಕರನ್ನೂ ಈ ವರ್ಗಕ್ಕೆ ಸೇರಿಸಬೇಕೆಂದು ವಾಣಿಜ್ಯ ಸಂಸ್ಥೆಗಳು ಒಕ್ಕೊರಲಿನಿಂದ ಕೇಳುವುದು ನ್ಯಾಯವಾಗಿದೆ. ಸುರಕ್ಷತೆಯ ಹೊಣೆಯು ಆ ವಿನಾಯಿತಿಯಲ್ಲಿ ಸೇರಿಲ್ಲ. ಅದನ್ನು ಕೇಳುವುದೂ ಉಚಿತವಲ್ಲ. ಗ್ರಾಹಕರ ಪಟ್ಟಿಯನ್ನು ಕೆಲಸ ಬಿಟ್ಟ ನೌಕರನೊಬ್ಬ ಪೆನ್‌ಡ್ರೈವಿನಲ್ಲಿ ಎದುರಂಗಡಿಗೆ ಒಯ್ದರೆ ಗ್ರಾಹಕನಿಗಿಂತ ಮೊದಲು ನಷ್ಟವಾಗುವುದು ನಮಗೇ. ಬಿಲ್ಲಿಂಗ್ ತಂತ್ರಾಂಶದ ಪಾಸ್‌ವರ್ಡ್ ಅಂಗಡಿಯಲ್ಲಿ ಎಷ್ಟು ಜನರಿಗೆ ಗೊತ್ತಿದೆ ಎಂಬುದನ್ನು ಸದಸ್ಯರು ಈ ವಾರವೇ ವಿಚಾರಿಸಿಕೊಳ್ಳಬಹುದು.