ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ವೃದ್ಧಜೀವನ: ದೇಹಶ್ರಮ ಮತ್ತು ಕೂಟ

1

‘ನಿವೃತ್ತಿ’ ಎಂಬ ಶಬ್ದ ನಮ್ಮ ಶಾಸ್ತ್ರಗ್ರಂಥಗಳಲ್ಲಿ ‘ಪ್ರವೃತ್ತಿ’ಗೆ ಪ್ರತಿಯಾಗಿ ಬಳಕೆಯಾದುದು. ವಯಸ್ಸಿನ ಕಾರಣದಿಂದ ಕಚೇರಿಯ ಕೆಲಸದಿಂದ ಬಿಡುಗಡೆ ಹೊಂದುವುದು ಎಂಬ ಅರ್ಥ ಅದಕ್ಕೆ ಬಂದುದು ಈಚೆಗೆ. ಕರ್ನಾಟಕ ಸರ್ಕಾರದ ನೌಕರರಿಗೆ ಈ ಬಿಡುಗಡೆಯ ವಯಸ್ಸು 58 ಇದ್ದುದು 2008ರಲ್ಲಿ 60ಕ್ಕೆ ಏರಿತು. ಆದರೆ ಅಡಿಕೆ ತೋಟವನ್ನೋ ಗದ್ದೆಯನ್ನೋ ನಂಬಿ ಬಾಳುವವನಿಗೆ ಇಂತಹ ಗೊತ್ತುಪಡಿಸಿದ ದಿನವೊಂದಿಲ್ಲ. ಅವನು ಒಂದು ದಿನ ಕೆಲಸ ಬಿಡುವುದಿಲ್ಲ. ಅವನ ಕೆಲಸ ಬದಲಾಗುತ್ತ ಹೋಗುತ್ತದೆ. ಈ ಬದಲಾವಣೆಯ ಕ್ರಮವನ್ನು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಮೂರು ತಾಲ್ಲೂಕುಗಳನ್ನು ಆಧಾರವಾಗಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಹೋಲಿಕೆಗಾಗಿ ದೂರದ ಒಂದು ಉದಾಹರಣೆಯನ್ನು ಮೊದಲು ನೋಡೋಣ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ 1960ರ ಜನವರಿ 1ರಂದು ‘ಸನ್ ಸಿಟಿ’ ಎಂಬ ಹೊಸ ಊರೊಂದು ಜನರಿಗೆ ತೆರೆಯಿತು. ನಿವೃತ್ತರಾದವರಿಗೆಂದೇ ಕಟ್ಟಿದ ಊರು ಅದು. ಮನೆಗಳ ಜೊತೆಯಲ್ಲಿ ಗಾಲ್ಫ್ ಮೈದಾನ, ಮನರಂಜನಾ ಮಂದಿರ, ಅಂಗಡಿಗಳ ಸಾಲು ಮೊದಲಾದವನ್ನು ಆರಂಭದಲ್ಲಿಯೇ ಒದಗಿಸಲಾಗಿತ್ತು. ದುಡಿಮೆ ಮುಗಿದವರಿಗೆ ಆಟವೂ ಸಹವಾಸವೂ ಬೇಕು, ಅವನ್ನು ಬೇರೆಯಾಗಿಯೇ ಏರ್ಪಡಿಸಬೇಕು ಎಂಬುದು ಅದರ ಹಿಂದಿನ ವಿಚಾರ. ನಮ್ಮ ಮೂರು ತಾಲ್ಲೂಕುಗಳಲ್ಲಿ ಇಂತಹ ಊರನ್ನು ಯಾರೂ ಕಟ್ಟಲಿಲ್ಲ. ಆದರೆ ಮಕ್ಕಳು ಓದಿ, ಬೆಂಗಳೂರಿಗೂ ಅದರಾಚೆಗೂ ಉದ್ಯೋಗಕ್ಕೆ ಹೋದ ಕಾರಣದಿಂದ, ಮುದುಕರಿಬ್ಬರೇ ಉಳಿದ ಮನೆಗಳು ಇಲ್ಲಿನ ಕೇರಿಗಳಲ್ಲಿ ಸಾಮಾನ್ಯವಾಗಿವೆ. ಅಲ್ಲಿ ವೃದ್ಧರಿಗಾಗಿ ಊರು ಕಟ್ಟಿದರು. ಇಲ್ಲಿ ಇದ್ದ ಊರೇ ವೃದ್ಧರ ಊರಾಗುತ್ತಿದೆ.

2011ರ ಜನಗಣತಿಯ ಪ್ರಕಾರ ಭಾರತದ ಜನಸಂಖ್ಯೆಯಲ್ಲಿ 60 ವರ್ಷ ಮೀರಿದವರು ನೂರಕ್ಕೆ 8.6ರಷ್ಟು, ಕರ್ನಾಟಕದಲ್ಲಿ ಸುಮಾರು 9.5ರಷ್ಟು. ಈ ಪ್ರಮಾಣ ಮುಂದೆ ಏರತಕ್ಕದ್ದೇ ಹೊರತು ಇಳಿಯತಕ್ಕದ್ದಲ್ಲ. ಆದುದರಿಂದ ಈ ಸೀಮೆಯ ಅನುಭವ ಇತರ ಕಡೆಯವರಿಗೂ ವಿಚಾರಾರ್ಹವಾದುದು.

2

ಮೊದಲು ದೇಹಶ್ರಮದ ವಿಷಯ. ಇಲ್ಲಿನ ಅಡಿಕೆ ತೋಟಗಳು ಹೆಚ್ಚಾಗಿ ಗುಡ್ಡಗಳ ನಡುವಿನ ಕಣಿವೆಗಳಲ್ಲಿರುವುವು. ಮನೆ ತೋಟದ ತಲೆಯಲ್ಲಿ. ಅದಕ್ಕೂ ಮೇಲೆ ಸೊಪ್ಪಿನ ಬೆಟ್ಟ. ತೋಟಕ್ಕೆ ಬೇಕಾದ ಹಸಿರು ಸೊಪ್ಪನ್ನೂ ದರಕನ್ನೂ ಎಂದರೆ ಒಣ ಎಲೆಯನ್ನೂ ತರಲು, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಆಂಗ್ಲರ ಆಳ್ವಿಕೆಯ ಕಾಲದಲ್ಲಿಯೇ ಘಟ್ಟದ ಮೇಲೆ ನೆಲೆಗೊಂಡಿತ್ತು. ಹೀಗಾಗಿ ಬೆಟ್ಟದಿಂದ ಮನೆಗೆ, ಮನೆಯಿಂದ ತೋಟಕ್ಕೆ ಹತ್ತುವುದೂ ಇಳಿಯುವುದೂ ದಿನದ ಬಾಳಿನಲ್ಲಿಯೇ ಸೇರಿಕೊಂಡಿತ್ತು. ತೋಟದೊಳಗೂ ನೆಲ ಸಮನಾದುದಲ್ಲ. ನೀರು ಬಸಿದು ಹೋಗಲೆಂದು ತೋಡಿದ ಕಾದಿಗೆಗಳನ್ನು ದಾಟುತ್ತ, ಸಂಕದ ಮೇಲೆ ಕಾಲಿಡುತ್ತ, ಜಾರುವ ಕಡೆ ಹೆಬ್ಬೆರಳೂರಿ ನಡೆಯಬೇಕು.

ಇದರ ಬೆಲೆಯನ್ನು ಈಗಿನ ವೈದ್ಯಶಾಸ್ತ್ರದ ಬೆಳಕಿನಲ್ಲಿ ನೋಡಬಹುದು. ವಯಸ್ಸಾದಂತೆ ಸ್ನಾಯುಗಳು ಸೊರಗುತ್ತವೆ, ಎಲುಬು ಸಡಿಲವಾಗುತ್ತದೆ, ದೇಹದ ತೂಕವನ್ನು ಹಿಡಿದು ನಿಲ್ಲುವ ಸಮತೋಲ ಕುಂದುತ್ತದೆ. ಮುದುಕರನ್ನು ಹಾಸಿಗೆಗೆ ತಳ್ಳುವುದು ಬಹಳ ಸಲ ರೋಗವಲ್ಲ, ಒಂದು ಬೀಳು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ, 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಮಟ್ಟದ ಶ್ರಮವನ್ನು ಮಾಡಬೇಕು. ಅದರ ಜೊತೆಗೆ ವಾರಕ್ಕೆ ಮೂರು ದಿನವಾದರೂ ಸಮತೋಲವನ್ನೂ ಸ್ನಾಯುಬಲವನ್ನೂ ಬೆಳೆಸುವ ಬಗೆಬಗೆಯ ಚಲನೆಗಳಿರಬೇಕು ಎಂದಿದೆ. ಏರುತಗ್ಗಿನಲ್ಲಿ ನಡೆಯುವುದು, ಕುಕ್ಕುರುಗಾಲಿನಲ್ಲಿ ಕುಳಿತೇಳುವುದು, ಬಾಗಿ ಹೆಕ್ಕುವುದು ಇವೆಲ್ಲ ಆ ಬಗೆಯ ಚಲನೆಗಳೇ.

ಆದರೆ ನಾವು ಗಮನಿಸಬೇಕಾದ ಮುಖ್ಯ ಸಂಗತಿ ಶ್ರಮದ ಪ್ರಮಾಣವಲ್ಲ, ಅದರ ಶ್ರೇಣಿ. ಅಡಿಕೆಯ ಕೊಯ್ಲನ್ನೇ ನೋಡಿ. ಕೊನೆಗೌಡ ಮರವೇರಿ ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಕೆಳಗಿಳಿಯುತ್ತದೆ. ಮರವೇರುವ ಕಸುವಿಲ್ಲದವನು ಕೆಳಗೆ ನಿಂತು ಹಗ್ಗ ಹಿಡಿಯುತ್ತಾನೆ. ಅದಕ್ಕೂ ತೋಳು ಸೋತವನು ಉದುರಿದ ಅಡಿಕೆಯನ್ನು ಹೆಕ್ಕುತ್ತಾನೆ. ಬಾಗಲಾರದವನು ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಾನೆ. ಅಷ್ಟೂ ಆಗದವನು ಅಂಗಳದಲ್ಲಿ ಒಣಗುವ ಅಡಿಕೆಯನ್ನು ಕಾಯುತ್ತಾನೆ, ಚಾಲಿಯಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸುತ್ತಾನೆ. ಈ ಕೊನೆಯ ಕೆಲಸಕ್ಕೆ ಕಣ್ಣಿನ ಅನುಭವ ಬೇಕಾದುದರಿಂದ ಅಲ್ಲಿ ಮುದುಕನದೇ ಮೇಲುಗೈ. ಹೀಗೆ ಮುಪ್ಪು ಎಂಬುದು ಒಂದೊಂದೇ ಮೆಟ್ಟಿಲು ಕೆಳಗಿಳಿಯುವ ಕ್ರಮವಾಗಿತ್ತು. ಮೆಟ್ಟಿಲನ್ನೇ ಬಿಟ್ಟು ಹೊರಗೆ ನಿಲ್ಲುವ ಪ್ರಸಂಗ ತೀರ ಕೊನೆಯಲ್ಲಿ ಮಾತ್ರ ಬರುತ್ತಿತ್ತು. ಹೆಂಗಸರಲ್ಲಿಯೂ ಕೊಟ್ಟಿಗೆಯಿಂದ ಅಡಿಗೆಮನೆಗೆ, ಅಲ್ಲಿಂದ ಹೂವಿನ ಗಿಡಕ್ಕೆ, ಬತ್ತಿ ಹೊಸೆಯುವುದಕ್ಕೆ, ಮೊಮ್ಮಕ್ಕಳಿಗೆ ಕಥೆ ಹೇಳುವುದಕ್ಕೆ ಎಂದು ಇಂತಹುದೇ ಒಂದು ಇಳಿವು ಇತ್ತು.

3

ಇನ್ನು ಕೂಟದ ವಿಷಯ. ಇಲ್ಲಿ ಶ್ರಮವೂ ಸಹವಾಸವೂ ಬೇರೆ ಬೇರೆಯಾಗಿರಲಿಲ್ಲವೆಂಬುದಕ್ಕೆ ಅಡಿಕೆ ಸುಲಿಯುವ ರಾತ್ರಿಗಳೇ ನಿದರ್ಶನ. ಚಳಿಗಾಲದ ಸುಗ್ಗಿಯಲ್ಲಿ ಅಕ್ಕಪಕ್ಕದ ಮನೆಯವರು ಒಂದೆಡೆ ಕೂಡಿ, ದೀಪದ ಬೆಳಕಿನಲ್ಲಿ ಬಹಳ ಹೊತ್ತಿನವರೆಗೆ ಸುಲಿಯುತ್ತಿದ್ದರು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದಂತೆ ಬಾಯಿ ಕಥೆಗೆ, ಒಗಟಿಗೆ, ಊರ ಸುದ್ದಿಗೆ ಬಿಡುವಾಗಿರುತ್ತಿತ್ತು. ಆಲೆಮನೆಯ ಕಾಲದಲ್ಲಿ ಕಬ್ಬಿನ ಹಾಲು ಕುಡಿಯಲು ಬರುವ ನೆಂಟರಿಷ್ಟರ ಕೂಟವೂ ಇಂತಹುದೇ. ದೀಪಾವಳಿಯ ರಾತ್ರಿಗಳಲ್ಲಿ ಬಿಂಗಿ ಪದ ಹಾಡುವವರು ದೀಪ ಹಿಡಿದು ಮನೆಯಿಂದ ಮನೆಗೆ ನಡೆಯುವಾಗ, ಪದ ಬಲ್ಲ ಹಿರಿಯನು ಮುಂದೆ ಎತ್ತಿಕೊಟ್ಟರೆ ಕಿರಿಯರು ಹಿಂದೆ ಸೊಲ್ಲು ಕೂಡಿಸುತ್ತಾರೆ. ಯಲ್ಲಾಪುರದ ಕಡೆಯ ಸಿದ್ದಿಗಳ ಡಮಾಮಿ ಕುಣಿತದಲ್ಲಿ ವಾದ್ಯವೂ ಹಾಡೂ ಹೆಜ್ಜೆಯೂ ಒಟ್ಟಿಗಿರುವುದರಿಂದ, ಹೆಜ್ಜೆಗೆ ನಿಲುಕದವರಿಗೂ ಹಾಡಿನಲ್ಲಿ ಸ್ಥಾನವುಂಟು.

ಈ ಶ್ರೇಣೀಕ್ರಮ ಅತ್ಯಂತ ಸ್ಪಷ್ಟವಾಗಿ ಕಾಣುವುದು ಯಕ್ಷಗಾನದಲ್ಲಿ. ಹೊನ್ನಾವರ ತಾಲ್ಲೂಕಿನವರಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017) ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿ ರಂಗವೇರಿದುದನ್ನು ಈ ಸೀಮೆಯ ಪ್ರೇಕ್ಷಕರು ಬಲ್ಲರು. ಎಲ್ಲರ ಮೊಣಕಾಲೂ ಅಷ್ಟು ದೂರ ಬರಲಾರದು. ಆದರೆ ಕುಣಿಯಲಾರದವನಿಗೆ ತಾಳಮದ್ದಳೆಯುಂಟು. ಅದರಲ್ಲಿ ವೇಷವಿಲ್ಲ, ನೃತ್ಯವಿಲ್ಲ. ಭಾಗವತನು ಪದ ಹಾಡಿದ ಮೇಲೆ ಅರ್ಥಧಾರಿಯು ಕುಳಿತಲ್ಲಿಂದಲೇ ಪಾತ್ರವಾಗಿ ಮಾತನಾಡುತ್ತಾನೆ. ಮಾತು ಬರೆದಿಟ್ಟುದಲ್ಲ, ಎದುರಾಳಿಯ ಪ್ರಶ್ನೆಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಬೇಕು. ಸ್ಮೃತಿಗೂ ವಿವೇಚನೆಗೂ ಇದಕ್ಕಿಂತ ಕಠಿನವಾದ ವ್ಯಾಯಾಮ ದುರ್ಲಭ. ಅರ್ಥ ಹೇಳಲಾರದವನು ಹಾರ್ಮೋನಿಯಮ್ ಶ್ರುತಿ ಹಿಡಿಯಬಹುದು; ಅದೂ ಆಗದವನು ಮುಂದಿನ ಸಾಲಿನಲ್ಲಿ ಕುಳಿತು, ನಡೆದ ವಾದದ ತಪ್ಪೊಪ್ಪುಗಳನ್ನು ಮರುದಿನ ಜಗಲಿಯ ಮೇಲೆ ವಿಚಾರಣೆಗೆ ತರಬಹುದು. ಮೇಳಗಳು ತಿರುಗಾಟ ನಿಲ್ಲಿಸುವ ಮಳೆಗಾಲದಲ್ಲಿ ತಾಳಮದ್ದಳೆ ಹೆಚ್ಚಾಗಿ ನಡೆಯುವುದೂ ಗಮನಾರ್ಹ. ದಾರಿ ಜಾರಿ, ಸಂಕ ಮುಳುಗಿ, ಹೊರಗಿನ ಓಡಾಟ ನಿಲ್ಲುವ ತಿಂಗಳುಗಳಲ್ಲಿ ಮನಸ್ಸಿಗೆ ಕೆಲಸ ಕೊಡುವ ಕೂಟವನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರು. ಈಗ ಹೆಂಗಸರ ತಾಳಮದ್ದಳೆ ಕೂಟಗಳೂ ಈ ಸೀಮೆಯಲ್ಲಿ ನಡೆಯುತ್ತಿರುವುದು ಸಂತೋಷದ ಸಂಗತಿ.

ಊರಿನ ಹೊರಗಣ ಕೂಟಗಳಲ್ಲಿ ಎರಡನ್ನು ಹೇಳಬೇಕು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬೆಯ ಜಾತ್ರೆ ದೂರದ ಬಂಧುಗಳನ್ನು ಒಂದೆಡೆ ಸೇರಿಸುತ್ತದೆ. 1923ರಲ್ಲಿ ಶಿರಸಿಯಲ್ಲಿ ಆರಂಭವಾದ ತೋಟಗಾರರ ಸಹಕಾರಿ ಮಾರಾಟ ಸಂಘದಂತಹ ಸಂಸ್ಥೆಗಳು ಬೆಳೆಗೆ ಬೆಲೆ ದೊರಕಿಸಿದುದಷ್ಟೇ ಅಲ್ಲದೆ, ಅಡಿಕೆ ತಂದ ಹಳ್ಳಿಯ ಹಿರಿಯರು ಪರಸ್ಪರ ಭೆಟ್ಟಿಯಾಗುವುದಕ್ಕೂ ನಿಮಿತ್ತವಾದುವು. ಪೇಟೆಗೆ ಹೋಗುವುದಕ್ಕೆ ಒಂದು ಕಾರಣವಿದ್ದುದರಿಂದ ಮುದುಕನು ಹೊರಟನು. ಹೊರಟುದರಿಂದ ನಾಲ್ಕು ಜನರನ್ನು ಕಂಡನು.

4

ಇಷ್ಟು ಹೇಳಿದುದರಿಂದ ಹಿಂದಿನದೆಲ್ಲ ಚಿನ್ನವಾಗಿತ್ತೆಂದು ಭ್ರಮಿಸತಕ್ಕದ್ದಲ್ಲ. ತೋಟದ ಒಡೆಯನಿಗೆ ಶ್ರಮವನ್ನು ತಗ್ಗಿಸಿಕೊಳ್ಳುವ ಸ್ವಾತಂತ್ರ್ಯವಿತ್ತು; ಕೂಲಿಯವನಿಗೆ ಅದಿರಲಿಲ್ಲ. ಮೈ ಸೋತರೂ ಹೊರೆ ಹೊರಬೇಕಾದವನ ದುಡಿಮೆಯನ್ನು ವ್ಯಾಯಾಮವೆಂದು ಕರೆಯುವುದು ಅನ್ಯಾಯ. ಮನೆಯ ಹಿರಿಯ ಹೆಂಗಸಿಗೆ ಕೆಲಸದ ಮೆಟ್ಟಿಲುಗಳಿದ್ದುವೇ ಹೊರತು, ಗಂಡಸಿಗಿದ್ದಂತೆ ಸಂಜೆಯ ಜಗಲಿಯ ವಿರಾಮ ಇರಲಿಲ್ಲ. ಹಲವು ಕೂಟಗಳು ಜಾತಿಯ ಗೆರೆಯನ್ನು ದಾಟುತ್ತಿರಲಿಲ್ಲ. ಕೂಟದ ನಡುವೆ ಇಡುವ ಕವಳದ ತಟ್ಟೆಯೂ ನಿರಪಾಯವಾದುದಲ್ಲ: ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪು ಸೇರಿದ ಕವಳವನ್ನಷ್ಟೇ ಅಲ್ಲದೆ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಅಡಿಕೆಯಿಂದಲೇ ಬಾಳುವ ಸೀಮೆಗೆ ಇದು ಕಹಿಯಾದ ಮಾತು; ಆದರೂ ಮುಚ್ಚಿಡತಕ್ಕ ಮಾತಲ್ಲ.

ಬೆಟ್ಟದ ನಡಿಗೆಗೂ ಒಂದು ಎಚ್ಚರಿಕೆ ಅಗತ್ಯ. ನೆರೆಯ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿಯೂ ಜನರನ್ನು ಬಾಧಿಸಿತು. ಉಣುಗುಗಳಿಂದ ಹರಡುವ ಈ ರೋಗದ ಕಾಲ ಮುಖ್ಯವಾಗಿ ಚಳಿಗಾಲ ಮತ್ತು ಬೇಸಗೆ. ದರಕು ಗುಡಿಸುವ ಕಾಲವೂ ಅದೇ. ಆದುದರಿಂದ ಕಾಡಿನ ದಾರಿಯಲ್ಲಿ ನಡೆಯಿರಿ ಎಂದು ಮುದುಕರಿಗೆ ಕಣ್ಣು ಮುಚ್ಚಿ ಬೋಧಿಸುವಂತಿಲ್ಲ.

5

ಈಗ ಆಗಿರುವ ವ್ಯತ್ಯಾಸವೇನು? ಸುಲಿಯುವ ಯಂತ್ರ ಬಂದಿದೆ; ರಾತ್ರಿಯ ಕೂಟ ವಿರಳವಾಗಿದೆ. ನೆಲದ ಮೇಲೆ ನಿಂತೇ ಉದ್ದನೆಯ ದೋಟಿಯಿಂದ ಕೊನೆ ಕೊಯ್ಯುವ ಕ್ರಮ ಬಂದಿದೆ. ಮರದಿಂದ ಬಿದ್ದು ಸಾಯುವ ಭಯ ಅಷ್ಟರಮಟ್ಟಿಗೆ ತಗ್ಗಿದೆ. ಇವುಗಳನ್ನು ಬೇಡವೆನ್ನಲಾಗದು. ಆದರೆ ಯಂತ್ರವೂ ವಲಸೆಯೂ ಒಟ್ಟಿಗೆ ಬಂದುದರ ಫಲವಾಗಿ, ನಾವು ಮೇಲೆ ವರ್ಣಿಸಿದ ಮೆಟ್ಟಿಲುಗಳಲ್ಲಿ ನಡುವಿನವು ಕಳಚಿ ಬಿದ್ದಿವೆ. ಎಪ್ಪತ್ತರ ಮುದುಕನು ಒಂದೋ ಮೂವತ್ತರವನ ಕೆಲಸವನ್ನು ಒಬ್ಬನೇ ಹೊರಬೇಕು, ಇಲ್ಲವೇ ತೋಟವನ್ನು ಪರರಿಗೆ ವಹಿಸಿ ದೂರದರ್ಶನದ ಮುಂದೆ ಕೂರಬೇಕು. ಹಸು ಮಾರಿದ ಮನೆಯನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಹಸುವಿದ್ದಾಗ ಬೆಳಗ್ಗೆ ಹಾಲಿನ ಡೇರಿಗೆ ನಡೆಯಬೇಕಾಗಿತ್ತು. ಅಲ್ಲಿ ಸರದಿಯಲ್ಲಿ ನಿಂತು ಹತ್ತು ಮನೆಯ ಕ್ಷೇಮಸಮಾಚಾರ ಕೇಳಬೇಕಾಗಿತ್ತು. ಹಸು ಹೋದ ಮೇಲೆ ಆ ದಾರಿ ಹಾಗೆಯೇ ಇದೆ, ಕಾಲೂ ಇದೆ, ನಡೆಯಲು ಕಾರಣವಿಲ್ಲ. ವೈದ್ಯರು ದಿನಕ್ಕೆ ಅರ್ಧ ಗಂಟೆ ನಡೆಯಿರೆಂದರೆ, ‘ಎಲ್ಲಿಗೆ?’ ಎಂಬ ಪ್ರಶ್ನೆ ಏಳುತ್ತದೆ. ಒಂಟಿತನವನ್ನು ಈಗ ಜಗತ್ತಿನಲ್ಲಿ ಆರೋಗ್ಯದ ಪ್ರಶ್ನೆಯಾಗಿಯೇ ಎಣಿಸುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಇದಕ್ಕೆಂದೇ ಒಂದು ಆಯೋಗವನ್ನು ರಚಿಸಿತು.

2007ರ ಹಿರಿಯ ನಾಗರಿಕರ ಪಾಲನೆ ಪೋಷಣೆಯ ಕಾಯಿದೆ ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕನ್ನು ಕೊಟ್ಟಿದೆ. ಅದೇ ವರ್ಷ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆ ಬಡವರಿಗೆ ಮಾಸಾಶನ ಕೊಟ್ಟಿತು. 2023ರ ಜೂನ್ ತಿಂಗಳಿನಿಂದ ರಾಜ್ಯದ ಹೆಂಗಸರಿಗೆ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತ ಮೇಲೆ, ಹಳ್ಳಿಯ ಅಜ್ಜಿಯೊಬ್ಬಳು ಯಾರನ್ನೂ ಹಣ ಕೇಳದೆ ತವರಿಗೋ ದೇವಸ್ಥಾನಕ್ಕೋ ಹೊರಡುವಂತಾಗಿದೆ. ಇವೆಲ್ಲ ಸ್ವಾಗತಾರ್ಹ. ಆದರೆ ಜೀವನಾಂಶದಿಂದ ಅನ್ನ ದೊರೆಯುತ್ತದೆ, ಬಸ್ಸಿನಿಂದ ದಾರಿ ದೊರೆಯುತ್ತದೆ. ‘ನೀನು ಬಾರದೆ ಕೆಲಸ ನಿಂತಿದೆ’ ಎನ್ನುವ ನಾಲ್ಕು ಜನ ಊರಿನಲ್ಲಿಯೇ ಇರಬೇಕು. ಪಂಚಾಯತಿಯ ಗ್ರಂಥಾಲಯದಲ್ಲಿ ವಾರಕ್ಕೊಂದು ತಾಳಮದ್ದಳೆಯ ಅಭ್ಯಾಸ, ಶಾಲೆಯ ಮಕ್ಕಳಿಗೆ ಹಾಡನ್ನೋ ಕಸಿ ಕಟ್ಟುವುದನ್ನೋ ಕಲಿಸುವ ಹೊಣೆ, ಡೇರಿಯ ಹೊತ್ತಿಗೆ ಇಬ್ಬಿಬ್ಬರು ಜೊತೆಯಾಗಿ ಸಮವಾದ ದಾರಿಯಲ್ಲಿ ನಡೆಯುವ ರೂಢಿ: ಇಂತಹ ಸಣ್ಣ ಏರ್ಪಾಡುಗಳು ಕಳಚಿದ ಮೆಟ್ಟಿಲುಗಳನ್ನು ಪುನಃ ಜೋಡಿಸಬಲ್ಲುವು. ಇವುಗಳಿಗೆ ಹೊಸ ಕಟ್ಟಡ ಬೇಕಿಲ್ಲ.

ಈ ವಿಷಯದಲ್ಲಿ ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸ ಬಹಳವಿದೆ. ರಜೆಯಲ್ಲಿ ಊರಿಗೆ ಹೋದ ವಿದ್ಯಾರ್ಥಿಯು ತನ್ನ ಕೇರಿಯ ಹಿರಿಯರನ್ನು ‘ನೀವು ವ್ಯಾಯಾಮ ಮಾಡುತ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬಂದೀತು. ‘ನಿನ್ನೆ ಎಲ್ಲೆಲ್ಲಿಗೆ ಹೋಗಿದ್ದಿರಿ? ಯಾರು ಕಾದಿದ್ದರು? ಹತ್ತು ವರ್ಷದ ಹಿಂದೆ ಹೋಗುತ್ತಿದ್ದು ಈಗ ಬಿಟ್ಟ ಜಾಗ ಯಾವುದು, ಏಕೆ?’ ಎಂದು ಕೇಳಿ ಬರೆದುಕೊಳ್ಳಬೇಕು. ಒಡೆಯರ ಮನೆಯಲ್ಲಿ ಕೇಳಿದಂತೆಯೇ ಕೂಲಿಕಾರರ ಮನೆಯಲ್ಲಿಯೂ, ಗಂಡಸರನ್ನು ಕೇಳಿದಂತೆಯೇ ಹೆಂಗಸರನ್ನೂ ಕೇಳಬೇಕು. ಹೀಗೆ ಹತ್ತಾರು ಊರುಗಳ ವಿವರ ಕೂಡಿದಲ್ಲಿ, ಯಾವ ಮೆಟ್ಟಿಲು ಎಲ್ಲಿ ಕಳಚಿದೆಯೆಂಬುದು ಸ್ಪಷ್ಟವಾಗುವುದು. ಹಾಗೆ ಕೇಳಲು ಹೋದ ದಿನ ಆ ಮನೆಯ ಜಗಲಿಗೆ ಒಬ್ಬರು ಬಂದಂತಾಗುವುದು ಎಂಬ ಲಾಭವೂ ಅದರಲ್ಲಿ ಉಂಟು.